ಮದ್ದಿಗೆ ಬಗ್ಗದ ವೈರಸ್: ಕಸಿಯಾದವರ ಮನೆಯಲ್ಲಿ ತಿಳಿದಿರಬೇಕಾದ ಸಂಗತಿಗಳು

ಕಿಡ್ನಿ ಕಸಿಯಾಗಿ ಕೆಲವು ತಿಂಗಳಾದವರಲ್ಲಿ ಜ್ವರ, ಸುಸ್ತು, ಭೇದಿ ಕಾಣಿಸಿಕೊಂಡು, ರಕ್ತದಲ್ಲಿ ಸಿಎಂವಿ ಇದೆಯೆಂದು ವರದಿ ಬರುವುದು ಅಪರೂಪವೇನಲ್ಲ. ವ್ಯಾಲ್‌ಗ್ಯಾನ್‌ಸಿಕ್ಲೋವಿರ್ ಮಾತ್ರೆ ಶುರುವಾಗುತ್ತದೆ. ಎರಡು ವಾರ ಕಳೆದು ಮತ್ತೆ ಪರೀಕ್ಷೆ ಮಾಡಿಸಿದರೆ ವೈರಸ್ಸಿನ ಲೆಕ್ಕ ಇದ್ದಲ್ಲೇ ಇದೆ. ದುಬಾರಿ ಮಾತ್ರೆ, ಸಾಲ ಮಾಡಿ ತಂದಿದ್ದಾರೆ, ಆದರೂ ಇಳಿದಿಲ್ಲ. ಮನೆಯವರಿಗೆ ಆಗ ತೋಚುವುದು ಒಂದೇ ಮಾತು: “ಈ ಮಾತ್ರೆ ನಾಟ್ತಿಲ್ಲ ಡಾಕ್ಟ್ರೇ, ಬೇರೆ ಬರೆದುಕೊಡಿ.”

ವೈರಸ್ ನಿಜಕ್ಕೂ ಆ ಮದ್ದಿಗೆ ಬಗ್ಗದ ಹಾಗೆ ಬದಲಾಗಿರಬಹುದು. ಇದನ್ನೇ ಔಷಧ ಪ್ರತಿರೋಧ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ‘ರೆಸಿಸ್ಟೆನ್ಸ್’ ಎಂದೇ ಕೇಳಿಸುತ್ತದೆ. ಆದರೆ ಮಾತ್ರೆ ನಾಟದಿರುವುದಕ್ಕೆ ಬೇರೆ ಕಾರಣಗಳೂ ಇವೆ. ಅವುಗಳಲ್ಲಿ ಹೆಚ್ಚಿನವು ಮನೆಯಲ್ಲಿ, ಔಷಧದಂಗಡಿಯಲ್ಲಿ, ಹಳೆಯ ಚೀಟಿಯಲ್ಲಿ ಅಡಗಿರುತ್ತವೆ. ಎರಡನೇ ಸಾಲಿನ ಮದ್ದುಗಳು ಕಸಿಯಾದ ಕಿಡ್ನಿಗೇ ಪೆಟ್ಟು ಕೊಡಬಲ್ಲವು. ಹಾಗಾಗಿ ಅಲ್ಲಿಗೆ ಹೋಗುವ ಮೊದಲು ಈ ಕಾರಣಗಳನ್ನು ಒಂದೊಂದಾಗಿ ನೋಡಿಬಿಡುವುದು ರೋಗಿಯ ಹಕ್ಕು ಎಂದೇ ನಾನು ಭಾವಿಸುತ್ತೇನೆ.

ಒಳಗೇ ಉಳಿಯುವ ಬಳಗ

ಸಿಎಂವಿ, ಅಂದರೆ ಸೈಟೋಮೆಗಲೋವೈರಸ್, ಹರ್ಪಿಸ್ ಬಳಗದ್ದು. ತುಟಿಯಂಚಿನಲ್ಲಿ ಜ್ವರದ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್, ಚಿಕನ್‌ಪಾಕ್ಸ್ ಮತ್ತು ಸರ್ಪಸುತ್ತು ತರುವ ವ್ಯಾರಿಸೆಲ್ಲಾ ಜೋಸ್ಟರ್ ಇದರ ನೆಂಟರು. ಇವೆಲ್ಲಕ್ಕೂ ಒಂದು ಸಮಾನ ಗುಣವಿದೆ: ಒಮ್ಮೆ ಮೈಹೊಕ್ಕರೆ ಜೀವನಪೂರ್ತಿ ಒಳಗೇ ಇರುತ್ತವೆ. ಭಾರತದ ವಯಸ್ಕರಲ್ಲಿ ಬಹುಪಾಲು ಜನ ಚಿಕ್ಕಂದಿನಲ್ಲೇ ಸಿಎಂವಿ ತಗುಲಿಸಿಕೊಂಡವರು. ಹಾಗಾಗಿ ಕಸಿಯಾದ ಮೇಲೆ ಅದು ಕಾಣಿಸಿಕೊಂಡರೆ ‘ಎಲ್ಲಿಂದ ಅಂಟಿತು, ಯಾರು ಅಂಟಿಸಿದರು’ ಎಂದು ಮನೆಯಲ್ಲಿ ಯಾರನ್ನೂ ದೂರಬೇಕಿಲ್ಲ. ಹೆಚ್ಚಿನವರಲ್ಲಿ ಅದು ಒಳಗೆ ಮಲಗಿದ್ದದ್ದೇ ಎದ್ದಿರುವುದು. ಕೆಲವರಲ್ಲಿ ದಾನವಾಗಿ ಬಂದ ಅಂಗದ ಜೊತೆಗೇ ಬಂದಿರುತ್ತದೆ.

ಆರೋಗ್ಯವಂತರಲ್ಲಿ ಈ ವೈರಸ್‌ಗಳು ಮದ್ದಿಗೆ ಬಗ್ಗದಂತಾಗುವುದು ತೀರ ಕಡಿಮೆ. ಹರ್ಪಿಸ್ ಸಿಂಪ್ಲೆಕ್ಸ್‌ನಲ್ಲಿ ಅದರ ಮುಖ್ಯ ಮದ್ದಾದ ಅಸೈಕ್ಲೋವಿರ್‌ಗೆ ಪ್ರತಿರೋಧ ಇಂಥವರಲ್ಲಿ ಶೇ. 1ಕ್ಕಿಂತ ಕಡಿಮೆ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಅದು ಶೇ. 5ರ ಆಸುಪಾಸಿಗೆ ಏರುತ್ತದೆ. ಇನ್ನೊಬ್ಬರಿಂದ ಅಸ್ಥಿಮಜ್ಜೆ ಪಡೆದವರಲ್ಲಿ ಇನ್ನೂ ಹೆಚ್ಚು. ಕಾರಣ ಸರಳ. ಮದ್ದು ವೈರಸ್ಸಿನ ಸಂಖ್ಯೆಯನ್ನು ತಗ್ಗಿಸುತ್ತದೆ, ಉಳಿದದ್ದನ್ನು ಹತ್ತಿಕ್ಕುವುದು ದೇಹದ ರಕ್ಷಣಾ ಕಣಗಳ ಕೆಲಸ. ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಸ್ಟೀರಾಯ್ಡ್ ಕೊಟ್ಟು ಆ ಕಣಗಳನ್ನೇ ಕಟ್ಟಿಹಾಕಿರುತ್ತಾರೆ. ಹೀಗಾಗಿ ಮದ್ದಿನ ನಡುವೆಯೇ ವೈರಸ್ ವಾರಗಟ್ಟಲೆ, ತಿಂಗಳುಗಟ್ಟಲೆ ಮರಿ ಹಾಕುತ್ತಿರುತ್ತದೆ. ಪ್ರತಿ ನಕಲಿನಲ್ಲೂ ಸಣ್ಣಪುಟ್ಟ ತಪ್ಪುಗಳಾಗುತ್ತವೆ. ಅದರಲ್ಲೊಂದು ತಪ್ಪು ವೈರಸ್ಸಿಗೆ ಮದ್ದಿನಿಂದ ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ.

ಆ ದಾರಿ ಎಲ್ಲಿದೆಯೆಂದು ತಿಳಿಯಲು ಮದ್ದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು. ಅಸೈಕ್ಲೋವಿರ್ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಬರೋಸ್ ವೆಲ್‌ಕಮ್ ಪ್ರಯೋಗಾಲಯದಲ್ಲಿ. ಅಲ್ಲಿ ಈ ಬಗೆಯ ಮದ್ದುಗಳ ಸಂಶೋಧನೆ ನಡೆಸಿದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಈ ಮದ್ದಿನ ಸೊಗಸೆಂದರೆ ನುಂಗಿದಾಗ ಅದು ನಿರುಪದ್ರವಿ. ವೈರಸ್ ಹೊಕ್ಕ ಜೀವಕೋಶದೊಳಗೆ ಹೋದಾಗ ವೈರಸ್ಸಿನದೇ ಒಂದು ಕಿಣ್ವ, ಥೈಮಿಡಿನ್ ಕೈನೇಸ್, ಅದಕ್ಕೆ ಫಾಸ್ಫೇಟ್ ಜೋಡಿಸಿ ಚುರುಕುಗೊಳಿಸುತ್ತದೆ. ಹಾಗೆ ಚುರುಕಾದ ಮದ್ದು ವೈರಸ್ ಕಟ್ಟುತ್ತಿರುವ ಡಿಎನ್‌ಎ ಸರದೊಳಗೆ ಸೇರಿಕೊಳ್ಳುತ್ತದೆ. ಮಾಲೆ ಕಟ್ಟುವಾಗ ತೊಟ್ಟಿಲ್ಲದ ಹೂವೊಂದು ಸೇರಿದರೆ ಮುಂದಿನ ಗಂಟು ಕೂರದ ಹಾಗೆ ಸರ ಅಲ್ಲಿಗೇ ನಿಲ್ಲುತ್ತದೆ. ವೈರಸ್ ತಪ್ಪಿಸಿಕೊಳ್ಳುವುದೂ ಇಲ್ಲೇ. ಥೈಮಿಡಿನ್ ಕೈನೇಸನ್ನೇ ಕೆಡಿಸಿಕೊಂಡರೆ ಅಥವಾ ಕೈಬಿಟ್ಟರೆ ಮದ್ದು ಚುರುಕಾಗುವುದೇ ಇಲ್ಲ. ಅಸೈಕ್ಲೋವಿರ್‌ಗೆ ಬಗ್ಗದ ಹರ್ಪಿಸ್ ಸಿಂಪ್ಲೆಕ್ಸ್‌ನಲ್ಲಿ ಸುಮಾರು ಶೇ. 95ರಷ್ಟು ಹೀಗೆ ಆದದ್ದು. ಸಿಎಂವಿಗೆ ಕೊಡುವ ವ್ಯಾಲ್‌ಗ್ಯಾನ್‌ಸಿಕ್ಲೋವಿರ್ ಮೈಯೊಳಗೆ ಗ್ಯಾನ್‌ಸಿಕ್ಲೋವಿರ್ ಆಗುತ್ತದೆ; ಅದನ್ನು ಚುರುಕುಗೊಳಿಸುವುದು ಯುಎಲ್97 ಎಂಬ ವಂಶವಾಹಿಯ ಕಿಣ್ವ. ಗ್ಯಾನ್‌ಸಿಕ್ಲೋವಿರ್ ಪ್ರತಿರೋಧದ ಬಹುಪಾಲು ಬದಲಾವಣೆಗಳು ಅಲ್ಲೇ ಆಗುತ್ತವೆ. ಉಳಿದವು ಯುಎಲ್54ರಲ್ಲಿ, ಅಂದರೆ ಡಿಎನ್‌ಎ ಕಟ್ಟುವ ಯಂತ್ರದಲ್ಲಿ.

ಅರೆ ಪ್ರಮಾಣವೇ ದೊಡ್ಡ ಅಪಾಯ

ವೈರಸ್ಸನ್ನು ಪೂರ್ತಿ ತಡೆಯುವಷ್ಟು ಮದ್ದು ರಕ್ತದಲ್ಲಿದ್ದರೆ ಅದು ಹೆಚ್ಚು ನಕಲಾಗುವುದಿಲ್ಲ, ಬದಲಾಗುವ ಅವಕಾಶವೂ ಕಡಿಮೆ. ಮದ್ದೇ ಇಲ್ಲದಿದ್ದರೆ ವೈರಸ್ ಬೆಳೆಯುತ್ತದೆ, ಆದರೆ ಮದ್ದಿಗೆ ಬಗ್ಗದ ತಳಿಗೆ ವಿಶೇಷ ಲಾಭವಿಲ್ಲ. ನಡುವಿನ ಸ್ಥಿತಿ ಕೆಟ್ಟದ್ದು. ಸಾಲದಷ್ಟು ಮದ್ದು ಬಹುಕಾಲ ನಡೆದಾಗ ಬಗ್ಗುವ ವೈರಸ್ ಸಾಯುತ್ತದೆ, ಬಗ್ಗದ್ದು ಆ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ. ಈ ನಡುವಿನ ಸ್ಥಿತಿಗೆ ರೋಗಿಗಳು ಬಂದು ಸೇರುವ ದಾರಿಗಳನ್ನು ನೋಡೋಣ. ಮನೆಯವರು ತಡೆಯಬಹುದಾದದ್ದೆಲ್ಲ ಇರುವುದು ಇಲ್ಲಿಯೇ.

ಮೊದಲನೆಯದು ಕಿಡ್ನಿಯ ಲೆಕ್ಕ. ವ್ಯಾಲ್‌ಗ್ಯಾನ್‌ಸಿಕ್ಲೋವಿರ್ ಹೊರಹೋಗುವುದು ಕಿಡ್ನಿಯ ಮೂಲಕ. ಕಿಡ್ನಿ ಚೆನ್ನಾಗಿದ್ದವರಿಗೆ ಸಿಎಂವಿ ಚಿಕಿತ್ಸೆಯ ಪ್ರಮಾಣ 900 ಮಿ.ಗ್ರಾಂ., ದಿನಕ್ಕೆರಡು ಬಾರಿ. ರೋಗ ಬಾರದಂತೆ ಮುನ್ನೆಚ್ಚರಿಕೆಗಾಗಿ ಕೊಡುವಾಗ ದಿನಕ್ಕೊಮ್ಮೆ ಮಾತ್ರ. ಕಿಡ್ನಿಯ ಶಕ್ತಿ ಕುಗ್ಗಿದ್ದರೆ ವೈದ್ಯರು ಇದನ್ನು ಅರ್ಧಕ್ಕೆ, ಕಾಲಿಗೆ ಇಳಿಸುತ್ತಾರೆ, ಇಳಿಸಲೇಬೇಕು. ತೊಂದರೆ ಬರುವುದು ಆಮೇಲೆ. ಕಿಡ್ನಿಯ ಶಕ್ತಿಯನ್ನು ತೋರಿಸುವ ಕ್ರಿಯಾಟಿನಿನ್ ಅಂಕಿ 2.5 ಇದ್ದಾಗ ಬರೆದ ಪ್ರಮಾಣ, ಅದು 1.3ಕ್ಕೆ ಇಳಿದ ಮೇಲೂ ಹಾಗೇ ಮುಂದುವರಿಯುತ್ತದೆ. ಕಿಡ್ನಿ ಚೇತರಿಸಿಕೊಂಡಿದೆ, ಮದ್ದನ್ನು ಬೇಗ ಹೊರಹಾಕುತ್ತಿದೆ, ರಕ್ತದಲ್ಲಿ ಅದು ಸಾಲುತ್ತಿಲ್ಲ. ಕ್ರಿಯಾಟಿನಿನ್ ವರದಿ ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳಿ: “ಈಗಿನ ಕ್ರಿಯಾಟಿನಿನ್‌ಗೆ ಈ ಮಾತ್ರೆಯ ಪ್ರಮಾಣ ಸರಿಯಿದೆಯಾ?” ಪಕ್ಕದ ಹಾಸಿಗೆಯವರು ಎಷ್ಟು ನುಂಗುತ್ತಾರೆ ಎಂಬುದು ನಿಮಗೆ ಲೆಕ್ಕವೇ ಅಲ್ಲ.

ಎರಡನೆಯದು ಬಿಳಿ ರಕ್ತಕಣ. ಈ ಮಾತ್ರೆ ಬಿಳಿ ಕಣಗಳನ್ನು ತಗ್ಗಿಸುವುದುಂಟು. ಲೆಕ್ಕ ಇಳಿದದ್ದು ಕಂಡು ಗಾಬರಿಯಾಗಿ ಎರಡರ ಬದಲು ಒಂದು ಮಾತ್ರೆ ನುಂಗುವವರಿದ್ದಾರೆ. ಇದು ರೋಗಿ ತಾನಾಗಿ ಮಾಡಬಾರದ, ತುಂಬ ಅಪಾಯದ ಬದಲಾವಣೆ. ಬಿಳಿ ಕಣ ಇಳಿದಾಗ ಮೈಕೋಫಿನೊಲೇಟ್ ಮುಂತಾದ ಬೇರೆ ಮದ್ದುಗಳನ್ನು ಸರಿಹೊಂದಿಸುವ, ಬಿಳಿ ಕಣ ಹೆಚ್ಚಿಸುವ ಚುಚ್ಚುಮದ್ದು ಕೊಡುವ ದಾರಿಗಳು ವೈದ್ಯರ ಬಳಿ ಇವೆ. ಸಿಎಂವಿ ಮಾತ್ರೆಯನ್ನು ಅರೆಬರೆ ಮಾಡಬಾರದೆಂದೇ ಕಸಿ ತಜ್ಞರ ಮಾರ್ಗಸೂಚಿಗಳೂ ಹೇಳುತ್ತವೆ. ಜ್ವರವಿದ್ದು ಬಿಳಿ ಕಣವೂ ಇಳಿದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮೂರನೆಯದನ್ನು ಹೇಳಲು ಸಂಕಟವಾಗುತ್ತದೆ: ದುಡ್ಡು. ತಿಂಗಳ ಮಾತ್ರೆ ಕೊಳ್ಳಲಾಗದೆ ಇಪ್ಪತ್ತು ದಿನದ್ದನ್ನು ಮೂವತ್ತು ದಿನಕ್ಕೆ ಹಂಚಿಕೊಳ್ಳುವ ಮನೆಗಳಿವೆ, ಮತ್ತು ಅದನ್ನು ವೈದ್ಯರ ಮುಂದೆ ಹೇಳಲು ನಾಚುತ್ತಾರೆ. ದಯವಿಟ್ಟು ಹೇಳಿ. ಹೇಳದಿದ್ದರೆ ವೈದ್ಯರ ಕಣ್ಣಿಗೆ ಕಾಣುವುದು ಪೂರ್ತಿ ಮಾತ್ರೆ ನುಂಗಿಯೂ ಬಗ್ಗದ ವೈರಸ್, ಮತ್ತು ಅವರು ಬರೆಯುವುದು ಅದಕ್ಕಿಂತ ಹಲವು ಪಟ್ಟು ದುಬಾರಿಯಾದ, ಹೆಚ್ಚು ವಿಷಕಾರಿಯಾದ ಮದ್ದು. ಹೇಳಿದರೆ ಕಸಿ ಸಂಯೋಜಕರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನಿದೆ, ಬೇರೆ ತಯಾರಕರ ಅಗ್ಗದ ಮಾತ್ರೆ ಸಿಗುತ್ತದೆಯೇ ಎಂದು ನೋಡಬಲ್ಲರು. ಆಸ್ಪತ್ರೆಯ ಸಮಾಜ ಕಾರ್ಯಕರ್ತರೂ ಇದಕ್ಕಾಗಿಯೇ ಇರುವವರು.

ನಾಲ್ಕನೆಯದು ಹೆಸರಿನ ಗೊಂದಲ. ವ್ಯಾಲಸೈಕ್ಲೋವಿರ್ ಬೇರೆ, ವ್ಯಾಲ್‌ಗ್ಯಾನ್‌ಸಿಕ್ಲೋವಿರ್ ಬೇರೆ. ಮೊದಲನೆಯದು ಸರ್ಪಸುತ್ತಿಗೆ, ಹರ್ಪಿಸ್ ಸಿಂಪ್ಲೆಕ್ಸಿಗೆ. ಎದ್ದಿರುವ ಸಿಎಂವಿಯನ್ನು ಅದು ಗುಣಪಡಿಸದು. ಅಂಗಡಿಯಲ್ಲಿ ಕೈಗೆ ಕೊಟ್ಟ ಪಟ್ಟಿಯ ಹಿಂಬದಿ ಓದಿ, ಚೀಟಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಓದಲಾಗದಿದ್ದರೆ ಪಟ್ಟಿಯ ಫೋಟೊ ತೆಗೆದು ಸಂಯೋಜಕರಿಗೆ ಕಳಿಸಿ.

ಇನ್ನು ನುಂಗುವ ರೀತಿ. ವ್ಯಾಲ್‌ಗ್ಯಾನ್‌ಸಿಕ್ಲೋವಿರನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಆಗ ಸುಮಾರು ಶೇ. 60ರಷ್ಟು ಮದ್ದು ರಕ್ತ ಸೇರುತ್ತದೆ. ಮುರಿಯಬಾರದು, ಪುಡಿ ಮಾಡಬಾರದು. ಅದರ ಪುಡಿ ಬಸುರಿಯರ ಕೈಗೆ ತಾಗದಂತೆ ನೋಡಿಕೊಳ್ಳಬೇಕು, ಏಕೆಂದರೆ ಅದು ಹೊಟ್ಟೆಯ ಮಗುವಿಗೆ ಹಾನಿ ಮಾಡಬಲ್ಲದು. ಇದೇ ಕಾರಣಕ್ಕೆ ಈ ಮಾತ್ರೆ ನುಂಗುವ ಹೆಂಗಸರು ಚಿಕಿತ್ಸೆ ಮುಗಿದು 30 ದಿನ, ಗಂಡಸರು 90 ದಿನ ಕಳೆಯುವವರೆಗೆ ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕು. ವಾಂತಿ, ಭೇದಿ ಜೋರಾಗಿದ್ದರೆ ಮಾತ್ರೆಯನ್ನು ಮೈ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆ ದಿನಗಳಲ್ಲಿ ಗ್ಯಾನ್‌ಸಿಕ್ಲೋವಿರನ್ನು ರಕ್ತನಾಳದ ಮೂಲಕ ಕೊಡಬೇಕಾಗಬಹುದು. ‘ನಾಲ್ಕು ದಿನ ಭೇದಿಯಿತ್ತು’ ಎಂಬ ಮಾತು ಸಣ್ಣದೆಂದು ಬಿಟ್ಟುಬಿಡಬೇಡಿ.

ವರದಿಯ ಅಂಕಿ ಓದುವುದು

ಸಿಎಂವಿ ಪಿಸಿಆರ್ ವರದಿಯಲ್ಲಿ ಒಂದು ಮಿಲಿಲೀಟರ್‌ಗೆ ಇಷ್ಟು ಯೂನಿಟ್ ಎಂದಿರುತ್ತದೆ. ಇಲ್ಲಿ ಐದು ಸಾವಿರ, ಹತ್ತು ಸಾವಿರದ ವ್ಯತ್ಯಾಸಕ್ಕೆ ನಾವು ಸಂಬಳದ ಲೆಕ್ಕದಲ್ಲಿ ಕೊಡುವಷ್ಟು ಬೆಲೆಯಿಲ್ಲ. ಎಷ್ಟು ಪಟ್ಟು ಏರಿತು, ಎಷ್ಟು ಪಟ್ಟು ಇಳಿಯಿತು ಎಂಬುದೇ ಮುಖ್ಯ. 40,000 ಇದ್ದದ್ದು 30,000 ಆದರೆ ಇಳಿಯಿತೆಂದು ಹಿಗ್ಗುವಂತಿಲ್ಲ, 50,000 ಆದರೆ ಏರಿತೆಂದು ಕಂಗೆಡುವಂತಿಲ್ಲ. ಮೂರು ಪಟ್ಟಿನೊಳಗಿನ ಏರಿಳಿತ ಪರೀಕ್ಷೆಯ ಸಹಜ ಓಲಾಟವಿರಬಹುದು. 4,000 ಆದರೆ, ಅಂದರೆ ಹತ್ತರಲ್ಲೊಂದು ಪಾಲಾದರೆ, ಅದು ನಿಜವಾದ ಇಳಿತ.

ಮದ್ದು ಶುರುವಾದ ಮೊದಲ ದಿನಗಳಲ್ಲಿ ಲೆಕ್ಕ ಇನ್ನೂ ಸ್ವಲ್ಪ ಏರುವುದುಂಟು. ಅದನ್ನೇ ಸೋಲೆಂದು ಎಣಿಸಬಾರದು. ಸರಿಯಾದ ಪ್ರಮಾಣದಲ್ಲಿ ಎರಡು ವಾರ ಪೂರ್ತಿ ಮದ್ದು ನಡೆದ ಮೇಲೂ ಹತ್ತರಲ್ಲೊಂದು ಪಾಲಿಗೆ ಇಳಿಯದಿದ್ದರೆ ಆಗ ತಜ್ಞರು ಅದನ್ನು ಚಿಕಿತ್ಸೆಗೆ ಸ್ಪಂದಿಸದ ಸೋಂಕೆಂದು ಕರೆಯುತ್ತಾರೆ. ಇಲ್ಲಿ ‘ಸರಿಯಾದ ಪ್ರಮಾಣದಲ್ಲಿ’ ಎಂಬ ಮಾತಿನ ಮೇಲೆ ಬೆರಳಿಡಿ. ಸ್ಪಂದಿಸದ ಸೋಂಕೆಲ್ಲ ಪ್ರತಿರೋಧವಲ್ಲ. ಹಲವರಲ್ಲಿ ವೈರಸ್ ಬದಲಾಗಿರುವುದೇ ಇಲ್ಲ, ರೋಗನಿರೋಧಕ ಶಕ್ತಿ ತೀರ ಕುಗ್ಗಿರುತ್ತದೆ ಅಷ್ಟೇ. ಅಂಥವರಿಗೆ ಬೇಕಾದದ್ದು ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್‌ಗಳನ್ನು ಎಚ್ಚರದಿಂದ ತಗ್ಗಿಸುವುದು. ಅಂಗ ತಿರಸ್ಕಾರದ ಅಪಾಯವನ್ನು ತೂಗಿ ವೈದ್ಯರೇ ಮಾಡಬೇಕಾದ ಕೆಲಸವದು. ಮನೆಯಲ್ಲಿ ಕೂತು ಮಾಡುವಂಥದ್ದಲ್ಲ.

ಒಂದೇ ಪ್ರಯೋಗಾಲಯದಲ್ಲಿ, ಒಂದೇ ಬಗೆಯ ಮಾದರಿಯಲ್ಲಿ ಪರೀಕ್ಷೆ ಮಾಡಿಸಿ. ಒಂದು ಸಲ ಪ್ಲಾಸ್ಮಾ, ಇನ್ನೊಂದು ಸಲ ಪೂರ್ಣ ರಕ್ತ. ಒಂದು ಸಲ ಬೆಂಗಳೂರು, ಇನ್ನೊಂದು ಸಲ ಊರಿನ ಹತ್ತಿರದ ಕೇಂದ್ರ. ಹೀಗಾದರೆ ಎರಡು ಅಂಕಿಗಳನ್ನು ಹೋಲಿಸಲಾಗದು. ಕರುಳಿನ ಸಿಎಂವಿ ಇದ್ದಾಗ ರಕ್ತದಲ್ಲಿ ವೈರಸ್ ಕಾಣದೆಯೂ ಹೋಗಬಹುದು. ಭೇದಿ ನಿಲ್ಲದೆ ರಕ್ತದ ವರದಿ ಮಾತ್ರ ಚೆನ್ನಾಗಿದ್ದರೆ ಎಂಡೋಸ್ಕೋಪಿ ಮಾಡಿ ಚೂರು ತೆಗೆದು ನೋಡಬೇಕಾಗುತ್ತದೆ.

ನಿಜಕ್ಕೂ ಪ್ರತಿರೋಧ ಬಂದಿದ್ದರೆ

ಒಟ್ಟು ಆರು ವಾರಕ್ಕಿಂತ ಹೆಚ್ಚು ಕಾಲ ಗ್ಯಾನ್‌ಸಿಕ್ಲೋವಿರ್ ಅಥವಾ ವ್ಯಾಲ್‌ಗ್ಯಾನ್‌ಸಿಕ್ಲೋವಿರ್ ಪಡೆದವರಲ್ಲಿ, ಪೂರ್ಣ ಪ್ರಮಾಣದಲ್ಲೂ ಲೆಕ್ಕ ಇಳಿಯದಿದ್ದರೆ ಪ್ರತಿರೋಧದ ಶಂಕೆ ಬಲವಾಗುತ್ತದೆ. ಆಗ ವೈರಸ್ಸಿನ ವಂಶವಾಹಿ ಪರೀಕ್ಷೆ ಮಾಡಿಸಬೇಕು. ರಕ್ತದಲ್ಲಿ ವೈರಸ್ ಸಾಕಷ್ಟಿರಬೇಕು, ಸಾಮಾನ್ಯವಾಗಿ ಮಿಲಿಲೀಟರ್‌ಗೆ 1,000 ಯೂನಿಟ್‌ನಷ್ಟಾದರೂ. ಇಲ್ಲದಿದ್ದರೆ ಫಲಿತಾಂಶ ಬರುವುದಿಲ್ಲ. ಮದ್ದು ನಡೆಯುತ್ತಿರುವಾಗಲೇ ರಕ್ತ ತೆಗೆಯುವುದು ಒಳ್ಳೆಯದು. ನಿಲ್ಲಿಸಿದರೆ ಮೂಲ ವೈರಸ್ ಮತ್ತೆ ಬೆಳೆದು ಬದಲಾದದ್ದನ್ನು ಮರೆಮಾಡಬಹುದು. ಸಾಂಪ್ರದಾಯಿಕ ಪರೀಕ್ಷೆಗೆ ಅದು ಕಾಣಬೇಕಾದರೆ ಒಟ್ಟು ವೈರಸ್ಸಿನಲ್ಲಿ ಶೇ. 20ರಷ್ಟಾದರೂ ಇರಬೇಕು. ಮಾದರಿ ಬೇರೆ ಊರಿಗೆ ಹೋಗಬೇಕಾದೀತು. ಎಷ್ಟು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಏನು ಮಾಡುವುದು ಎಂದು ಮೊದಲೇ ಕೇಳಿಕೊಳ್ಳಿ.

ವರದಿಯಲ್ಲಿ ಯುಎಲ್97ರ ಇಂಥ ಸ್ಥಾನದಲ್ಲಿ ಇಂಥ ಬದಲಾವಣೆ ಎಂದು ಬರೆದಿರುತ್ತದೆ. ಅದು ವೈದ್ಯರಿಗೆ ದಾರಿ ತೋರಿಸುವ ಅಕ್ಷರ. 592ನೇ ಸ್ಥಾನದ ಒಂದು ಬದಲಾವಣೆ ಅಲ್ಪ ಪ್ರತಿರೋಧದ್ದು. ಗ್ಯಾನ್‌ಸಿಕ್ಲೋವಿರ್ ಪ್ರಮಾಣ ಏರಿಸಿ ಗೆಲ್ಲಲು ನೋಡಬಹುದು. 460, 594, 595ನೇ ಸ್ಥಾನಗಳ ಹೆಸರಾದ ಬದಲಾವಣೆಗಳು ಬಂದರೆ ಮದ್ದನ್ನೇ ಬದಲಿಸಬೇಕು. ಯುಎಲ್54ರಲ್ಲಿ ಬದಲಾವಣೆಯಿದ್ದರೆ ಸಿಡೊಫೊವಿರ್ ಎಂಬ ಇನ್ನೊಂದು ಮದ್ದು ಕೂಡ ನಾಟದಿರಬಹುದು.

ಹಳೆಯ, ನಂಬಿಕೆಯ ಎರಡನೇ ಮದ್ದು ಫಾಸ್ಕಾರ್ನೆಟ್. ಅದಕ್ಕೆ ವೈರಸ್ಸಿನ ಕಿಣ್ವದ ನೆರವು ಬೇಕಿಲ್ಲ, ನೇರವಾಗಿ ಡಿಎನ್‌ಎ ಯಂತ್ರಕ್ಕೇ ಅಡ್ಡ ನಿಲ್ಲುತ್ತದೆ. ಆದರೆ ರಕ್ತನಾಳದ ಮೂಲಕವೇ ಕೊಡಬೇಕು, ಕಿಡ್ನಿಗೆ ಭಾರ, ರಕ್ತದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಏರುಪೇರಾಗುತ್ತವೆ. ಜೊತೆಗಿರುವವರು ಗಮನಿಸಬೇಕಾದದ್ದು: ಬಾಯಿಯ ಸುತ್ತ ಅಥವಾ ಬೆರಳ ತುದಿಯಲ್ಲಿ ಜುಮ್ಮೆನ್ನುವುದು, ಸೆಳೆತ, ಮೂತ್ರ ಕಡಿಮೆಯಾಗುವುದು. ಡ್ರಿಪ್ ನಡೆಯುತ್ತಿರುವಾಗಲೇ ನರ್ಸ್‌ಗೆ ತಿಳಿಸಿ. ಮೂತ್ರದಲ್ಲಿ ಹೊರಬರುವ ಮದ್ದು ಜನನಾಂಗದ ಚರ್ಮದಲ್ಲಿ ಹುಣ್ಣು ಮಾಡಬಹುದು. ಮೂತ್ರ ಮಾಡಿದ ಪ್ರತಿ ಸಲ ನೀರಿನಿಂದ ತೊಳೆದು ಒರೆಸಿಕೊಂಡರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳದ ಕಾರಣ ರೋಗಿಗಳು ಸುಮ್ಮನೆ ನರಳುತ್ತಾರೆ.

ಹೊಸದು ಮ್ಯಾರಿಬಾವಿರ್. 2021ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ಇಲಾಖೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮಾತ್ರೆ, 400 ಮಿ.ಗ್ರಾಂ. ದಿನಕ್ಕೆರಡು ಬಾರಿ. ಸ್ಪಂದಿಸದ ಸಿಎಂವಿ ಇದ್ದವರ ಮೇಲೆ ನಡೆದ ‘ಸಾಲ್‌ಸ್ಟಿಸ್’ ಅಧ್ಯಯನದಲ್ಲಿ ಎಂಟನೇ ವಾರದ ಹೊತ್ತಿಗೆ ಇದನ್ನು ಪಡೆದ ಶೇ. 55.7 ಮಂದಿಯ ರಕ್ತದಿಂದ ವೈರಸ್ ಮಾಯವಾಗಿತ್ತು. ಹಳೆಯ ಮದ್ದುಗಳನ್ನು ಪಡೆದವರಲ್ಲಿ ಶೇ. 23.9. ಬಾಯಿರುಚಿ ಕೆಡುವುದು ಇದರ ಸಾಮಾನ್ಯ ತೊಂದರೆ. ಇದು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತದೆ, ಆದ್ದರಿಂದ ಶುರು ಮಾಡಿದಾಗಲೂ ನಿಲ್ಲಿಸಿದಾಗಲೂ ಆ ಮಟ್ಟ ಪರೀಕ್ಷಿಸಬೇಕು. ಮ್ಯಾರಿಬಾವಿರ್ ತಡೆಯುವುದು ಯುಎಲ್97 ಕಿಣ್ವವನ್ನೇ. ಗ್ಯಾನ್‌ಸಿಕ್ಲೋವಿರ್ ಚುರುಕಾಗಲು ಬೇಕಿರುವುದೂ ಅದೇ. ಹೀಗಾಗಿ ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ. ಮನೆಯಲ್ಲಿ ಉಳಿದ ಹಳೆಯ ಮಾತ್ರೆಯನ್ನು ‘ಇದೂ ಇರಲಿ’ ಎಂದು ನುಂಗಬೇಡಿ. ಕಣ್ಣಿಗೆ, ಮೆದುಳಿಗೆ ಹೋದ ಸಿಎಂವಿಗೆ ಇದು ಸೂಕ್ತವಲ್ಲ. ಇಂಥ ಮದ್ದು ನಿಮ್ಮ ಆಸ್ಪತ್ರೆಯಲ್ಲಿ ಸಿಗದಿದ್ದರೆ, ವೈಯಕ್ತಿಕ ಬಳಕೆಗೆ ಸಣ್ಣ ಪ್ರಮಾಣದಲ್ಲಿ ಹೊರದೇಶದಿಂದ ತರಿಸಲು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಗೆ 12ಎ ನಮೂನೆಯಲ್ಲಿ ಅರ್ಜಿ ಹಾಕುವ ವ್ಯವಸ್ಥೆ ಇದೆ. ವೈದ್ಯರ ಚೀಟಿ ಅದಕ್ಕೆ ಬೇಕೇ ಬೇಕು.

ಲೆಟರ್‌ಮೊವಿರ್ ಎಂಬ ಇನ್ನೊಂದು ಮಾತ್ರೆ ಮುಖ್ಯವಾಗಿ ಸಿಎಂವಿ ಏಳದಂತೆ ತಡೆಯಲು, ಅಸ್ಥಿಮಜ್ಜೆ ಕಸಿಯಾದವರಲ್ಲಿ 2017ರಿಂದ ಬಳಕೆಯಲ್ಲಿದೆ. ಅದು ಸರ್ಪಸುತ್ತನ್ನೂ ತುಟಿಯ ಗುಳ್ಳೆಯನ್ನೂ ತಡೆಯುವುದಿಲ್ಲ. ಅದರ ಜೊತೆ ಅಸೈಕ್ಲೋವಿರ್ ಬರೆದಿದ್ದರೆ ‘ಎರಡೂ ಒಂದೇ ಬಗೆಯದು’ ಎಂದು ಬಿಟ್ಟುಬಿಡಬೇಡಿ.

ಒಣಗದ ಹುಣ್ಣು, ಹರಡುವ ಸರ್ಪಸುತ್ತು

ಸಿಎಂವಿಯನ್ನು ಅಂಕಿಯಲ್ಲಿ ನೋಡುತ್ತೇವೆ, ಹರ್ಪಿಸ್ ಸಿಂಪ್ಲೆಕ್ಸನ್ನು ಕಣ್ಣಿನಲ್ಲೇ. ತುಟಿ, ಬಾಯಿ, ಜನನಾಂಗ, ಗುದದ ಸುತ್ತಲಿನ ಹುಣ್ಣು ಸರಿಯಾದ ಪ್ರಮಾಣದ ಅಸೈಕ್ಲೋವಿರ್ ನಡೆದು ಏಳರಿಂದ ಹತ್ತು ದಿನವಾದರೂ ಒಣಗುವ ಲಕ್ಷಣ ತೋರದಿದ್ದರೆ, ಅಗಲವಾಗುತ್ತಾ ಹೋದರೆ, ಪ್ರತಿರೋಧವನ್ನು ಯೋಚಿಸಬೇಕು. ಹುಣ್ಣಿನಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇಂಥ ವೈರಸ್ ರೋಗಿಗಳಲ್ಲಿ ಕಂಡ ವರದಿಗಳು 1982ರಿಂದಲೇ ಇವೆ. ಏಡ್ಸ್ ಹೆಚ್ಚಾದ ವರ್ಷಗಳಲ್ಲಿ ವೈದ್ಯರು ಇದನ್ನು ಇನ್ನಷ್ಟು ಕಂಡರು. ಎಚ್‌ಐವಿ ಇರುವವರಲ್ಲಿ ಎಆರ್‌ಟಿ ಮದ್ದು ಸರಿಯಾಗಿ ನಡೆದು ಸಿಡಿ4 ಎಂಬ ರಕ್ಷಣಾ ಕಣಗಳ ಲೆಕ್ಕ ಏರುವುದೇ ನಿಜವಾದ ಪರಿಹಾರ. ಅದಿಲ್ಲದೆ ಹುಣ್ಣಿನ ಮದ್ದನ್ನು ಮಾತ್ರ ಬದಲಿಸುತ್ತಾ ಹೋದರೆ ಉಪಯೋಗ ಕಡಿಮೆ. ಸಿಡಿ4 50ಕ್ಕಿಂತ ಕೆಳಗಿದ್ದು ಕಣ್ಣ ಮುಂದೆ ಕಪ್ಪು ಚುಕ್ಕಿ ತೇಲಿದರೆ ನೋವಿಲ್ಲವೆಂದು ಕಾಯಬಾರದು. ಅದು ಸಿಎಂವಿ ಕಣ್ಣಿನ ಪರದೆಗೆ ಹೋದ ಗುರುತಿರಬಹುದು.

ಅಸೈಕ್ಲೋವಿರ್ ಮಾತ್ರೆಯ ದೊಡ್ಡ ತೊಡಕು ಅದು ದಿನಕ್ಕೆ ಐದು ಸಲದ ಮದ್ದಾಗಿರುವುದು. ನುಂಗಿದ್ದರಲ್ಲಿ ಶೇ. 15ರಿಂದ 30ರಷ್ಟೇ ರಕ್ತ ಸೇರುತ್ತದೆ. ಮಧ್ಯಾಹ್ನದ್ದು, ರಾತ್ರಿ ತಡದ್ದು ತಪ್ಪಿಯೇ ತಪ್ಪುತ್ತದೆ. ಹೊಂದಿಸಲಾಗದಿದ್ದರೆ ವ್ಯಾಲಸೈಕ್ಲೋವಿರ್ ಆಗಬಹುದೇ ಎಂದು ಕೇಳಿ. ಅದು ಇನ್ನೂ ಚೆನ್ನಾಗಿ ರಕ್ತ ಸೇರುತ್ತದೆ, ಸಲಗಳೂ ಕಡಿಮೆ.

ಸರ್ಪಸುತ್ತಿಗೆ ನಮ್ಮ ಊರುಗಳಲ್ಲಿ ಕೆಮ್ಮಣ್ಣು ಹಚ್ಚುವುದು, ಮಂತ್ರಿಸುವುದು ಮೊದಲ ಚಿಕಿತ್ಸೆ. ಹಾವಿನ ತಲೆ ಬಾಲ ಕೂಡಿದರೆ ಜೀವ ಉಳಿಯದೆಂಬ ಹೆದರಿಕೆಯೂ ಇದೆ. ಕಸಿಯಾದವರಲ್ಲಿ, ಕೀಮೋಥೆರಪಿ ನಡೆಯುತ್ತಿರುವವರಲ್ಲಿ ನಿಜವಾದ ಅಪಾಯ ಗುಳ್ಳೆಗಳು ಒಂದು ಪಟ್ಟಿಯನ್ನು ದಾಟಿ ಮೈಮೇಲೆಲ್ಲ ಚೆದುರುವುದು, ಕಣ್ಣಿನ ಸುತ್ತ ಏಳುವುದು. ಗುಳ್ಳೆ ಎದ್ದ ದಿನವೇ ಆಸ್ಪತ್ರೆಗೆ ಹೋಗಿ. ಮೂರು ದಿನ ದಾಟಿದ್ದರೂ ಹೋಗಿ, ಇಂಥವರಿಗೆ ತಡವಾದರೂ ಮದ್ದು ಕೊಡುತ್ತಾರೆ. ವಾರಗಟ್ಟಲೆ ಮದ್ದು ನಡೆದೂ ಗುಳ್ಳೆಗಳು ನರೂಲಿಯ ಹಾಗೆ ಗಟ್ಟಿಯಾಗಿ, ಒರಟಾಗಿ ಉಳಿದರೆ ಅದು ಪ್ರತಿರೋಧದ ಲಕ್ಷಣವಿರಬಹುದು. 2023ರಿಂದ ಭಾರತದಲ್ಲಿ ಸಿಗುತ್ತಿರುವ, ಜೀವಂತ ವೈರಸ್ ಇಲ್ಲದ, ಎರಡು ಬಾರಿ ಕೊಡುವ ಸರ್ಪಸುತ್ತಿನ ಲಸಿಕೆ ನಿಮಗೆ ಹೊಂದುತ್ತದೆಯೇ ಎಂದು ಕಸಿಗೆ ಮೊದಲೇ ವಿಚಾರಿಸಿ. ಚಿಕನ್‌ಪಾಕ್ಸ್‌ನ ಜೀವಂತ ಲಸಿಕೆ ಮಾತ್ರ ಕಸಿಯಾದ ಮೇಲೆ ಬೇಡ.

ಬಗ್ಗದ ಹರ್ಪಿಸ್ ಹುಣ್ಣು ಫಾಸ್ಕಾರ್ನೆಟ್‌ನಲ್ಲಿ ವಾಸಿಯಾದ ಮೇಲೆ ‘ಇನ್ನು ನನಗೆ ಅಸೈಕ್ಲೋವಿರ್ ಎಂದೂ ನಾಟದು’ ಎಂದು ಧೃತಿಗೆಡಬೇಕಿಲ್ಲ. ನರಗಂಟಿನಲ್ಲಿ ಮಲಗಿರುವುದು ಹೆಚ್ಚಾಗಿ ಮೂಲ ವೈರಸ್ಸೇ. ಥೈಮಿಡಿನ್ ಕೈನೇಸ್ ಕಳೆದುಕೊಂಡ ತಳಿಗೆ ಅಲ್ಲಿಂದ ಮತ್ತೆ ಏಳುವ ಶಕ್ತಿ ಕಡಿಮೆ. ಹಾಗಾಗಿ ಮುಂದಿನ ಸಲದ ಗುಳ್ಳೆ ಹಳೆಯ ಮದ್ದಿಗೇ ಬಗ್ಗುವುದುಂಟು. ಅಸ್ಥಿಮಜ್ಜೆ ಕಸಿಯಾದ ಕೆಲವರಲ್ಲಿ ಮಾತ್ರ ಬಗ್ಗದ ತಳಿಯೇ ಮರಳಿ ಬಂದದ್ದಿದೆ. ಎರಡರಲ್ಲಿ ಯಾವುದೆಂಬ ಮೊದಲ ಸುಳಿವು ಸಿಗುವುದು ದಿನ ಎಣಿಸಿದರೆ. ಗುಳ್ಳೆ ಎದ್ದ ದಿನ, ಮಾತ್ರೆ ಶುರುವಾದ ದಿನ, ತಪ್ಪಿದ ಮಾತ್ರೆಗಳು, ಆ ವಾರದ ಕ್ರಿಯಾಟಿನಿನ್ ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದು, ಹಳೆಯ ವಂಶವಾಹಿ ವರದಿಯ ಪ್ರತಿಯನ್ನು ಅದರೊಳಗೇ ಇಟ್ಟು, ಒಂದು ವಾರದೊಳಗೆ ವೈದ್ಯರಿಗೆ ತೋರಿಸಿ. ಆಸ್ಪತ್ರೆ ಬದಲಿಸಿದರೂ ಆ ಪುಸ್ತಕ ನಿಮ್ಮ ಕೈಯಲ್ಲೇ ಇರಲಿ.